ಆಫ್ರಿಕಾದ ವುಡ್ಸ್ ಸೈಕಾಡ್ ಗಿಡ, ಚೀತಾ: ಯಾವುದರ ಸ್ಥಿತಿ ಹೆಚ್ಚು ಗಂಭೀರ?

ಅನುಮಾನವೇ ಬೇಡ, ಗಿಡದ್ದೇ. ಚೀತಾಗಳು ಕಾಡುಮೇಡಿನಲ್ಲಿ ಇನ್ನೂ ಸುಮಾರು 7,000 ಇವೆ. ನೋಡಲು ತಾಳೆಯಂತಿರುವ ಈ ಸೈಕಾಡ್ ಕಾಡಿನಲ್ಲಿ ಒಂದೂ ಉಳಿದಿಲ್ಲ.

1895ರಲ್ಲಿ ದಕ್ಷಿಣ ಆಫ್ರಿಕಾದ ಎನ್‌ಗೋಯೆ ಕಾಡಿನಲ್ಲಿ ಸಸ್ಯಶಾಸ್ತ್ರಜ್ಞ ಜಾನ್ ಮೆಡ್ಲಿ ವುಡ್ ಕಣ್ಣಿಗೆ ಬಿದ್ದದ್ದು ಒಂದೇ ಒಂದು ಗುಂಪು, ಅದೂ ಗಂಡು. ಸೈಕಾಡ್‌ಗಳಲ್ಲಿ ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ. ಹುಡುಕಾಟ ಇವತ್ತಿಗೂ ನಡೆದಿದೆ, ಹೆಣ್ಣು ಮಾತ್ರ ಸಿಕ್ಕಿಲ್ಲ. ಡರ್ಬನ್ನಿನಲ್ಲಿ, ಲಂಡನ್ನಿನ ಕ್ಯೂ ತೋಟದಲ್ಲಿ ಬೆಳೆದಿರುವುದೆಲ್ಲ ಆ ಒಂದೇ ಗುಂಪಿನ ಕಂದುಗಳು, ಅಂದರೆ ವಂಶವಾಹಿಗಳೂ ಎಲ್ಲಕ್ಕೂ ಒಂದೇ. ಹೂವಿನ ಬದಲು ಕಿತ್ತಳೆ ಬಣ್ಣದ ದಪ್ಪ ಶಂಕು ಬಿಡುತ್ತದೆ, ಪರಾಗ ಉದುರುತ್ತದೆ, ಅಷ್ಟೇ. ಪಕ್ಕದ ಜಾತಿಯ ಹೆಣ್ಣಿನ ಜೊತೆ ಕೂಡಿಸಿದರೆ ಬೀಜ ಕಟ್ಟುತ್ತದೆ, ಆದರೆ ಅದು ಮಿಶ್ರತಳಿ ಅಲ್ವಾ?

ಚೀತಾಕ್ಕೂ ಇಂಥದ್ದೇ ತೊಂದರೆ ಸ್ವಲ್ಪ ಮಟ್ಟಿಗೆ ಇದೆ. ಹಿಂದೆಂದೋ ಸಂಖ್ಯೆ ತೀರಾ ಕುಸಿದಿದ್ದರಿಂದ ಅವುಗಳ ವಂಶವಾಹಿಗಳು ಹೆಚ್ಚುಕಮ್ಮಿ ಒಂದೇ ಥರ. 1980ರ ದಶಕದಲ್ಲಿ ಸಂಬಂಧವೇ ಇಲ್ಲದ ಚೀತಾಗಳ ನಡುವೆ ಚರ್ಮ ಕಸಿ ಮಾಡಿದಾಗ ಮೈ ಅದನ್ನು ಬೇಗ ತಿರಸ್ಕರಿಸಲೇ ಇಲ್ಲ!

ಸೈಕಾಡ್ ಕುಲಕ್ಕೂ ಚೀತಾಕ್ಕೂ ಕಳ್ಳರ ಕಾಟ ಜಾಸ್ತಿ. ಆಫ್ರಿಕಾದ ಸೈಕಾಡ್‌ಗಳನ್ನು ತೋಟದ ಶೋಕಿಗೆ ಬುಡಸಮೇತ ಕೀಳುತ್ತಾರೆ, ಚೀತಾ ಮರಿಗಳನ್ನು ಸಾಕಲು ಸೊಮಾಲಿಯಾ ಕಡೆಯಿಂದ ಕೊಲ್ಲಿ ದೇಶಗಳಿಗೆ ಸಾಗಿಸುತ್ತಾರೆ.