ಪುಟ್ಟ ಹಾಯಿದೋಣಿಗೆ ಮೊದಲು ಏನು ಕೊಳ್ಳಬೇಕು?

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇವೆ. ಹಳೆಯ ಕ್ಯಾಟಲೀನಾ 22 ಹಾಯಿದೋಣಿಯನ್ನು ಟ್ರೇಲರ್ ಸಮೇತ ಕೊಂಡಿದ್ದೇವೆ. ಈ ಬೇಸಿಗೆಯಲ್ಲಿ ನಾವಿಬ್ಬರು, ಒಂಬತ್ತು ವರ್ಷದ ಮಗಳು ಸ್ಯಾಕ್ರಮೆಂಟೊ ಡೆಲ್ಟಾದಲ್ಲಿ (ನದಿ ಕವಲೊಡೆಯುವ ಪ್ರದೇಶ) ಎರಡು ಮೂರು ರಾತ್ರಿ ದೋಣಿಯಲ್ಲೇ ಕಳೆಯಬೇಕೆಂದಿದ್ದೇವೆ. ಅಂಗಡಿಗೆ ಹೋದರೆ ಫ್ರಿಜ್, ಇನ್ವರ್ಟರ್, ಜಲಮಾರ್ಗದ ನಕ್ಷೆ ತೋರಿಸುವ ಚಾರ್ಟ್‌ಪ್ಲಾಟರ್ ಎಲ್ಲವೂ ಬೇಕು ಅನ್ನಿಸುತ್ತದೆ. ಯಾವುದರಿಂದ ಶುರು ಮಾಡೋಣ?

ಉತ್ತರ: ನೆರಳಿನಿಂದ. ಜುಲೈನಲ್ಲಿ ಡೆಲ್ಟಾದ ಬಿಸಿಲು ಸುಡುತ್ತದೆ, ದೋಣಿಯಲ್ಲಿ ಮರದ ನೆರಳಿಲ್ಲ. ನೆರಳಿಲ್ಲದಿದ್ದರೆ ಮಗಳು ಮಧ್ಯಾಹ್ನಕ್ಕೇ ಮನೆಗೆ ಹೋಗೋಣ ಅನ್ನುತ್ತಾಳೆ.

ಬೂಮ್ (ಹಾಯಿಯ ಅಡಿಯ ಅಡ್ಡಕಂಬ) ಮೇಲೆ ಹಾಸಿ ಎರಡೂ ಕಡೆ ಲೈಫ್‌ಲೈನಿಗೆ, ಅಂದರೆ ದೋಣಿಯಂಚಿನ ರಕ್ಷಣಾ ತಂತಿಗೆ, ಕಟ್ಟುವ ತಿಳಿಬಣ್ಣದ ಕ್ಯಾನ್ವಾಸ್ ಹೊಲಿಸಿಕೊಳ್ಳಿ. ಅಡ್ಡಕ್ಕೆ ಎರಡು ಟೆಂಟ್ ಕೋಲು ತೂರಿಸಿದರೆ ಬಟ್ಟೆ ತಲೆಗೆ ತಾಗುವುದಿಲ್ಲ. ಮುಂಭಾಗಕ್ಕೆ ಜಾಲರಿ ಬಟ್ಟೆಯ ಪರದೆ ಬೇಕೇ ಬೇಕು. ಸಂಜೆಯ ಗಾಳಿ ಕಾರ್ಕಿನೆಜ್ ಜಲಸಂಧಿಯ ಕಡೆಯಿಂದ, ಪಶ್ಚಿಮದಿಂದ ಬೀಸುತ್ತದೆ. ಲಂಗರು ಹಾಕಿದ ದೋಣಿ ಸಾಮಾನ್ಯವಾಗಿ ಅತ್ತಲೇ ಮೂತಿ ತಿರುಗಿಸುತ್ತದೆ, ಇಳಿಬಿಸಿಲೂ ನೇರ ಅಲ್ಲಿಂದಲೇ ಕಣ್ಣಿಗೆ ಬೀಳುತ್ತದೆ. ಜಾಲರಿಯಾದರೆ ಬಿಸಿಲು ತಡೆದು ಗಾಳಿ ಬಿಡುತ್ತದೆ. ಗಂಟುಗಳು ಎಳೆದ ತಕ್ಷಣ ಬಿಚ್ಚುವಂತಿರಲಿ. ಅಲ್ಲಿನ ಗಾಳಿ ಜೋರಾದರೆ ಬಟ್ಟೆಯನ್ನು ಕೂಡಲೇ ಇಳಿಸಬೇಕಾಗುತ್ತದೆ.

ಆಮೇಲೆ ಸೊಳ್ಳೆಪರದೆ. ನಾನು ಕರಾವಳಿಯವಳು, ನನಗೇ ಡೆಲ್ಟಾದ ಸೊಳ್ಳೆ ತಡೆಯಲಾಗದು. ಕ್ಯಾಬಿನ್ ಬಾಗಿಲಿಗೂ ಡೆಕ್ಕಿನ ಮುಂದಿನ ಮೇಲ್ಬಾಗಿಲಿಗೂ (ಹ್ಯಾಚ್) ಪರದೆ ಹಾಕಿ, ಅಂಚಿನೊಳಗೆ ತೆಳು ಸರಪಳಿ ಸೇರಿಸಿ ಹೊಲಿಸಿ. ಆ ಭಾರಕ್ಕೆ ಪರದೆ ತಾನೇ ಕೆಳಗೆ ಕೂರುತ್ತದೆ.

ಹಳೆಯ ದೋಣಿಯ ಹಾಸಿಗೆಯ ಫೋಮ್ ಮುಗ್ಗಲು ವಾಸನೆ ಹೊಡೆಯುತ್ತಿದ್ದರೆ ಒಗೆಯುತ್ತ ಕೂರಬೇಡಿ, ಬದಲಾಯಿಸಿ. ನಾಲ್ಕಿಂಚು ದಪ್ಪದ್ದು ಹಾಕಿಸಿ, ಅಡಿಗೆ ಗಾಳಿಯಾಡುವ ಜಾಳುಜಾಳಾದ ಹಾಸು ಕೊಡಿ. ಮೈಶಾಖಕ್ಕೂ ತಣ್ಣನೆಯ ಫೈಬರ್‌ಗ್ಲಾಸಿಗೂ ನಡುವೆ ನೀರು ಕಟ್ಟಿ ಹಾಸಿಗೆಯ ತಳ ಒದ್ದೆಯಾಗುವುದು ಹೀಗೆ ನಿಲ್ಲುತ್ತದೆ.

ಇನ್ವರ್ಟರ್ ಬೇಡ. 12 ವೋಲ್ಟಿನ ಸಣ್ಣ ಫ್ಯಾನ್ 0.3 ಆಂಪ್ ಎಳೆದರೂ ಹತ್ತು ಗಂಟೆಗೆ ಮೂರು ಆಂಪ್-ಅವರ್ ಆಯಿತು. ಎಲ್‌ಇಡಿ ದೀಪ, ಫೋನ್ ಚಾರ್ಜಿಂಗ್ ಸೇರಿಸಿದರೂ ಒಂದು ಸಾಧಾರಣ ಬ್ಯಾಟರಿ, 50 ವ್ಯಾಟಿನ ಸೋಲಾರ್ ಫಲಕ ಧಾರಾಳ. ಫ್ರಿಜ್ಜಿನ ಬದಲು ಒಳ್ಳೆಯ ಐಸ್‌ಬಾಕ್ಸ್ ಕೊಳ್ಳಿ, ಪುಡಿ ಐಸ್ ಅಲ್ಲ, ಗಟ್ಟಿ ಗಡ್ಡೆ ತುಂಬಿಸಿ.

ಅಡುಗೆಗೆ ಒಂಟಿ ಬರ್ನರಿನ ಬ್ಯೂಟೇನ್ ಒಲೆ, ಎರಡು ಲೀಟರಿನ ಕುಕ್ಕರ್ ಇದ್ದರೆ ಬಿಸಿಬೇಳೆಬಾತೇ ಆಗುತ್ತದೆ. ಆದರೆ ಒಲೆ ಹಚ್ಚುವುದು ಹೊರಗೆ ಕಾಕ್‌ಪಿಟ್ಟಿನಲ್ಲಿ (ಹಿಂಭಾಗದ ತೆರೆದ ಕೂರುವ ಜಾಗ), ಬಟ್ಟೆಯಿಂದ ದೂರ. ಬ್ಯೂಟೇನ್ ಗಾಳಿಗಿಂತ ಭಾರ. ಒಳಗೆ ಸೋರಿದರೆ ದೋಣಿಯ ತಳದಲ್ಲಿ ಮಡುಗಟ್ಟಿ ಒಂದು ಕಿಡಿಗೆ ಕಾಯುತ್ತದೆ. ಕ್ಯಾಬಿನ್ನಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಡಿ. ಶೌಚಕ್ಕೆ ಪೋರ್ಟಾ ಪಾಟಿ (ಹೊತ್ತೊಯ್ಯುವ ಪುಟ್ಟ ಶೌಚಪೆಟ್ಟಿಗೆ) ಸಾಕು, ಅದನ್ನು ದಡದಲ್ಲಿ ಶೌಚ ಸುರಿಯುವ ಡಂಪ್ ಸ್ಟೇಷನ್ನಿನಲ್ಲೇ ಖಾಲಿ ಮಾಡಬೇಕು.

ಹಣ ಉಳಿಸಲೇಬಾರದ ಎರಡು ವಸ್ತುಗಳಿವೆ. ಒಂದು ಮಗಳ ಲೈಫ್ ಜಾಕೆಟ್. ದೋಣಿ ಚಲಿಸುವಾಗ 13 ವರ್ಷದೊಳಗಿನವರು ಡೆಕ್ ಮೇಲೆ ಅದನ್ನು ತೊಟ್ಟಿರಲೇಬೇಕೆಂದು ಕಾನೂನೇ ಇದೆ. ತೊಡಿಸಿ, ಹೆಗಲ ಪಟ್ಟಿ ಹಿಡಿದು ಮೇಲಕ್ಕೆತ್ತಿ ನೋಡಿ. ಜಾಕೆಟ್ ಗಲ್ಲದತ್ತ, ಕಿವಿಯತ್ತ ಜಾರಿದರೆ ಆ ಅಳತೆ ಬೇಡ. ಇನ್ನೊಂದು ಲಂಗರು. ಡೆಲ್ಟಾದ ಕೆಸರಿಗೆ ಚಪ್ಪಟೆ ಅಲಗಿನ ಡ್ಯಾನ್‌ಫೋರ್ತ್ ಲಂಗರು ಚೆನ್ನಾಗಿ ಕಚ್ಚುತ್ತದೆ. ಹತ್ತಡಿ ನೀರು, ಮೂತಿಯ ಎತ್ತರ ಮೂರಡಿ, ಉಬ್ಬರಕ್ಕೆ ಮೂರಡಿ ಅಂತ ಕೂಡಿಸಿ ಏಳರಿಂದ ಗುಣಿಸಿದರೆ 112 ಅಡಿ. ಅಷ್ಟು ಹಗ್ಗ-ಸರಪಳಿ ಬಿಟ್ಟು ಮಲಗಿ. ಚಾರ್ಟ್‌ಪ್ಲಾಟರ್ ಮುಂದಿನ ವರ್ಷಕ್ಕಿರಲಿ.

ನೀವು ಕೇಳದಿದ್ದರೂ ಒಂದು ಮಾತು: ರ‍್ಯಾಂಪಿನ (ದೋಣಿಯನ್ನು ನೀರಿಗಿಳಿಸುವ ಇಳಿಜಾರು) ಬಳಿ ಹಾಯಿಯ ಅಲ್ಯೂಮಿನಿಯಂ ಕಂಬ ಎತ್ತುವ ಮುನ್ನ ತಲೆಯೆತ್ತಿ ವಿದ್ಯುತ್ ತಂತಿ ಇದೆಯೇ ನೋಡಿ. ಎತ್ತಿದ ಮೇಲೆ ಟ್ರೇಲರನ್ನು ನೀರಿನವರೆಗೆ ಎಳೆಯುವ ದಾರಿಯನ್ನೂ ಮೊದಲೇ ನಡೆದು ನೋಡಿ ಬನ್ನಿ.