ಮೈದಾನದಾಚೆಯ ಹೊಡೆತ

ಓದುಗರ ಪ್ರಶ್ನೆಗಳಿಗೆ ಈ ಸಲ ಉತ್ತರ ಬರೆದವರು ಕೌಟುಂಬಿಕ ಕಾನೂನು ಬಲ್ಲ ವಕೀಲರು ಮತ್ತು ಕ್ರೀಡಾ ಒಪ್ಪಂದಗಳ ಒಳಹೊರಗು ತಿಳಿದವರು. ಪತ್ರಗಳೆಲ್ಲ ಒಂದೇ ವಿಷಯದ ಸುತ್ತ ಇವೆ: ಹೆಂಡತಿಯ ಮೇಲೆ ಕೈಮಾಡಿದ ಆಟಗಾರನಿಗೆ ಲೀಗ್ ಏನು ಶಿಕ್ಷೆ ಕೊಡಬೇಕು?

ಐಪಿಎಲ್‌ನಂಥ ಲೀಗ್‌ನಲ್ಲಿ ಆಡುವವನ ಮೇಲೆ ಹೆಂಡತಿ ದೂರು ಕೊಟ್ಟರೆ ಈಗ ಯಾವ ನಿಯಮ ಅನ್ವಯಿಸುತ್ತದೆ?
(ವಿಜಯನಗರದ ಓದುಗರು)

ಇದಕ್ಕೆಂದೇ ಅಳತೆ ಹಾಕಿಟ್ಟ ಶಿಕ್ಷೆಯ ಪಟ್ಟಿ ಇಲ್ಲ. ‘ಆಟಕ್ಕೆ ಕೆಟ್ಟ ಹೆಸರು ತರುವ ನಡತೆ’ ಅನ್ನುವ ಸಡಿಲ ಮಾತನ್ನು ಬೇಕಾದಾಗ ಹಿಗ್ಗಿಸಬಹುದು, ಬೇಡವಾದಾಗ ಮಡಚಿಡಬಹುದು. ಅದೇ, ಹರಾಜಿನಲ್ಲಿ ಬಿಕರಿಯಾದ ಮೇಲೆ ತಕ್ಕ ಕಾರಣವಿಲ್ಲದೆ ಹಿಂದೆ ಸರಿದವನಿಗೆ 2 ವರ್ಷ ಬಾಗಿಲು ಬಂದ್ ಎಂದು ಸ್ಪಷ್ಟವಾಗಿ ಬರೆದಿದೆ. ಇಂಗ್ಲೆಂಡಿನ ಹ್ಯಾರಿ ಬ್ರೂಕ್‌ಗೆ 2025ರಲ್ಲಿ ಅದು ಜಾರಿಯೂ ಆಯಿತು. ಟಿವಿ ಕಾರ್ಯಕ್ರಮವೊಂದರಲ್ಲಿ ಹೆಣ್ಣುಮಕ್ಕಳ ಬಗ್ಗೆ ಆಡಿದ ಮಾತಿಗೆ 2019ರಲ್ಲಿ ಹಾರ್ದಿಕ್ ಪಾಂಡ್ಯ ಮತ್ತು ನಮ್ಮ ಕೆ.ಎಲ್. ರಾಹುಲ್ ಅಮಾನತಾದರು, ತಲಾ 20 ಲಕ್ಷ ರೂಪಾಯಿ ದಂಡವೂ ಬಿತ್ತು.

ಮನೆಯೊಳಗಿನ ದೂರು ಬಂದಾಗ ಏನಾಯಿತು ನೋಡಿ. 2018ರ ಮಾರ್ಚ್‌ನಲ್ಲಿ ಭಾರತ ತಂಡದ ವೇಗಿಯೊಬ್ಬರ ಮೇಲೆ ಪತ್ನಿ ಹಿಂಸೆಯ ಆರೋಪದ ಜೊತೆಗೆ ಹಣದ ವ್ಯವಹಾರದ ಆರೋಪವನ್ನೂ ಮಾಡಿದರು. ಅವರು ಎರಡನ್ನೂ ಅಲ್ಲಗಳೆದರು. ಬಿಸಿಸಿಐ ಕೇಂದ್ರ ಒಪ್ಪಂದವನ್ನು ತಡೆಹಿಡಿದು, ಭ್ರಷ್ಟಾಚಾರ ತಡೆ ಘಟಕದಿಂದ ಹಣದ ವಿಷಯವನ್ನು ವಿಚಾರಣೆ ಮಾಡಿಸಿತು. ಅದರಲ್ಲಿ ಹುರುಳಿಲ್ಲ ಎಂದು ವರದಿ ಬಂದದ್ದೇ ಅದೇ ತಿಂಗಳು ಒಪ್ಪಂದ ಕೊಟ್ಟಿತು. ಹೊಡೆದರೋ ಇಲ್ಲವೋ ಎಂಬುದು ಆ ವಿಚಾರಣೆಯ ವ್ಯಾಪ್ತಿಗೇ ಬರಲಿಲ್ಲ. ನಿಯಮ ಇಲ್ಲದಿದ್ದರೆ ಆಟಗಾರನಿಗೂ ನಷ್ಟವೇ. ತಪ್ಪಿಲ್ಲದವನಿಗೆ ಅದನ್ನು ಹೇಳಿಕೊಳ್ಳಲು ಜಾಗವೇ ಸಿಗುವುದಿಲ್ಲ.

ಕೋರ್ಟು ತೀರ್ಪು ಕೊಡುವ ಮೊದಲೇ ಲೀಗ್ ಶಿಕ್ಷಿಸುವುದು ನ್ಯಾಯವೇ? ಸುಳ್ಳು ಕೇಸುಗಳೂ ಇರುತ್ತವಲ್ಲ. ಅದೂ ಅಲ್ಲದೆ ಗಂಡ–ಹೆಂಡಿರ ಜಗಳ ಅವರ ಮನೆಯ ವಿಷಯ.
(ಮಲ್ಲೇಶ್ವರದ ಓದುಗರು)

ಕೊನೆಯ ಮಾತಿನಿಂದ ಶುರು ಮಾಡೋಣ. ಉದ್ದೀಪನ ಮದ್ದಿನ ಪರೀಕ್ಷೆಯ ಪಟ್ಟಿಯಲ್ಲಿರುವ ಆಟಗಾರ, ದಿನಕ್ಕೆ 60 ನಿಮಿಷ ತಾನು ಎಲ್ಲಿ ಸಿಗುತ್ತೇನೆಂದು ಮೊದಲೇ ಬರೆದುಕೊಡಬೇಕು. ಬೆಳಗಿನ ಜಾವ ಮನೆ ಬಾಗಿಲು ಬಡಿದು ಮೂತ್ರದ ಮಾದರಿ ಕೇಳಿದರೂ ಕೊಡಬೇಕು. 12 ತಿಂಗಳಲ್ಲಿ 3 ಸಲ ತಪ್ಪಿದರೆ ಅದೇ ಅಪರಾಧ. ಆಗ ಯಾರೂ ಇದು ಮನೆಯ ವಿಷಯ ಅನ್ನುವುದಿಲ್ಲ.

ಇನ್ನು ತೀರ್ಪಿನ ಮಾತು. ತಾತ್ಕಾಲಿಕವಾಗಿ ಹೊರಗಿಡುವುದು ಬೇರೆ, ಶಿಕ್ಷಿಸುವುದು ಬೇರೆ. ಎರಡನ್ನೂ ಕಲಸಿದಾಗಲೇ ಅನ್ಯಾಯ ಆಗುವುದು. ಅಮೆರಿಕದ ಬೇಸ್‌ಬಾಲ್ ಲೀಗ್ 2015ರಲ್ಲಿ ಆಟಗಾರರ ಸಂಘದ ಜೊತೆ ಕೂತು ಮಾಡಿಕೊಂಡ ನಿಯಮದಲ್ಲಿ, ದೂರು ಬಂದಾಗ 7 ದಿನದವರೆಗೆ ಸಂಬಳ ಸಹಿತ ರಜೆಯ ಮೇಲೆ ಕೂರಿಸಬಹುದು. ಅಷ್ಟರಲ್ಲಿ ವಿಚಾರಣೆ ಶುರುವಾಗುತ್ತದೆ. ಶಿಕ್ಷೆ ಕೊಡಲು ಕೋರ್ಟಿನ ತೀರ್ಪು ಬೇಕೆಂದೇನಿಲ್ಲ. 2016ರಲ್ಲಿ ಅರೋಲ್ಡಿಸ್ ಚಾಪ್‌ಮನ್ ಮೇಲೆ ಸರ್ಕಾರಿ ವಕೀಲರು ಕೇಸನ್ನೇ ಹಾಕದಿದ್ದರೂ ಲೀಗ್ 30 ಪಂದ್ಯ ಹೊರಗಿಟ್ಟಿತು. ಜೈಲಿಗೆ ಹಾಕಲು ಬೇಕಾಗುವ ‘ಸಂಶಯಾತೀತ’ ಪುರಾವೆಗೂ ಕೆಲಸದ ಒಪ್ಪಂದ ಮುರಿದನೆಂದು ಹೇಳಲು ಬೇಕಾಗುವ ಪುರಾವೆಗೂ ತೂಕದಲ್ಲಿ ವ್ಯತ್ಯಾಸವಿದೆ. ಬ್ಯಾಂಕಿನ ಇಲಾಖಾ ವಿಚಾರಣೆಯಲ್ಲೂ ಹೀಗೆಯೇ.

ಹೊರದೇಶದ ನಿಯಮವನ್ನು ಹಾಗೆಯೇ ತಂದರೆ ಮಾತ್ರ ಎಡವುತ್ತೇವೆ. ಆಸ್ಟ್ರೇಲಿಯಾದ ರಗ್ಬಿ ಲೀಗ್‌ನಲ್ಲಿ 2019ರಿಂದ, 11 ವರ್ಷ ಅಥವಾ ಹೆಚ್ಚು ಜೈಲಾಗಬಹುದಾದ ಆರೋಪ ದಾಖಲಾದರೆ ಆಟಗಾರ ತಾನಾಗಿಯೇ ಹೊರಗೆ, ಸಂಬಳ ಮಾತ್ರ ಪೂರ್ತಿ. ನಮ್ಮಲ್ಲಿ ಗಂಡನ ಕ್ರೌರ್ಯಕ್ಕೆ ಇರುವ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂನ (ಹಳೆಯ 498ಎ) ಗರಿಷ್ಠ ಶಿಕ್ಷೆಯೇ 3 ವರ್ಷ. 11ರ ಗೆರೆ ಎಳೆದರೆ ಈ ಕಲಂ ಒಂದರ ಮೇಲೆ ಯಾರೂ ಸಿಕ್ಕಿಬೀಳುವುದಿಲ್ಲ.

ಇನ್ನೊಂದು ತೂತು: ‘ಎಫ್‌ಐಆರ್ ಆದರೆ’ ಎಂದು ನಿಯಮ ಬರೆಯುವುದು. ಎಷ್ಟೋ ಹೆಂಗಸರು ಠಾಣೆಯ ಮೆಟ್ಟಿಲು ಹತ್ತದೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ನೇರ ಮ್ಯಾಜಿಸ್ಟ್ರೇಟರ ಬಳಿ ಹೋಗುತ್ತಾರೆ. (ಬೆಂಗಳೂರಿನಲ್ಲಿ ಇಂಥ ಅರ್ಜಿಗಳು ಸಂಚಾರ ಮ್ಯಾಜಿಸ್ಟ್ರೇಟ್ ಕೋರ್ಟುಗಳಲ್ಲಿ ನಡೆದಿರುವುದುಂಟು. ಹೆಲ್ಮೆಟ್ ಕೇಸಿನವರ ಪಕ್ಕದ ಬೆಂಚಿನಲ್ಲೇ ಕೂತು ಕಾಯಬೇಕು.) ಅಲ್ಲಿ ಎಫ್‌ಐಆರ್ ಇರುವುದಿಲ್ಲ, ಗಂಡ ‘ಆರೋಪಿ’ಯೂ ಅಲ್ಲ, ಪ್ರತಿವಾದಿ. ಆದ್ದರಿಂದ ನಿಯಮದಲ್ಲಿ ಎಫ್‌ಐಆರ್ ಜೊತೆಗೆ ‘ಮಧ್ಯಂತರ ರಕ್ಷಣಾ ಆದೇಶ’ ಅನ್ನುವ ಮೂರು ಪದ ಇರಲೇಬೇಕು. ಜೊತೆಗೆ 85ನೇ ಕಲಂನ ಮಾತು ಗಂಡ–ಹೆಂಡತಿಯದು. 2005ರ ಕಾಯ್ದೆ ಮದುವೆಯಂತೆ ಒಟ್ಟಿಗೆ ಬಾಳುವ ಸಂಗಾತಿಗೂ ಉಂಟು. ಎಂದೂ ಒಟ್ಟಿಗೆ ಬಾಳದೆ ಬೇರೆ ಮನೆಯಲ್ಲಿರುವ ಗೆಳತಿ ಈ ಎರಡರಿಂದಲೂ ಹೊರಗುಳಿಯುತ್ತಾಳೆ. ಲೀಗ್ ಅವಳನ್ನೂ ಸೇರಿಸಿಕೊಂಡು ಬರೆಯಬೇಕು.

ಎಷ್ಟು ಪಂದ್ಯ ನಿಷೇಧಿಸಬೇಕು?
(ಯಲಹಂಕದ ಓದುಗರು)

ಪಂದ್ಯದ ಸಂಖ್ಯೆಗಿಂತ ಋತುವಿನ ಪಾಲು ಲೆಕ್ಕ ಹಾಕಿ. ಅಮೆರಿಕದ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್ 2014ರಲ್ಲಿ ಮೊದಲ ತಪ್ಪಿಗೆ 6 ಪಂದ್ಯ ಎಂದು ಗೊತ್ತುಮಾಡಿತು. ಆಗ ಅಲ್ಲಿ ಋತುವಿಗೆ 16 ಪಂದ್ಯ, ಅಂದರೆ ಮೂರನೇ ಒಂದು ಪಾಲಿಗಿಂತ ಹೆಚ್ಚು. ಚಾಪ್‌ಮನ್‌ನ 30 ಪಂದ್ಯ ಕೇಳಲು ದೊಡ್ಡದು, ಆದರೆ ಬೇಸ್‌ಬಾಲ್ ಋತುವಿಗೆ 162 ಪಂದ್ಯ. ಐದನೇ ಒಂದೂ ಆಗಲಿಲ್ಲ. ಐಪಿಎಲ್‌ನ 14 ಲೀಗ್ ಪಂದ್ಯಕ್ಕೆ ಇಳಿಸಿದರೆ ಮೊದಲನೆಯದು 5, ಎರಡನೆಯದು ಬರೀ 3. ನಮ್ಮ ಅಭಿಪ್ರಾಯ: ಸಾಬೀತಾದ ಮೊದಲ ಹಲ್ಲೆಗೆ 5ಕ್ಕಿಂತ ಕಡಿಮೆ ಬೇಡ. ಕತ್ತು ಹಿಸುಕಿದ್ದರೆ, ಆಯುಧ ಎತ್ತಿದ್ದರೆ, ಬಸುರಿಯ ಮೇಲೆ ಕೈ ಮಾಡಿದ್ದರೆ ಇಡೀ ಋತು. ಕೋರ್ಟಿನ ರಕ್ಷಣಾ ಆದೇಶ ಮುರಿದರೆ ಅದು ತಾನೇ 1 ವರ್ಷದವರೆಗೆ ಜೈಲಾಗಬಹುದಾದ ಅಪರಾಧ. ಅಂಥವನಿಗೆ ಲೀಗ್ ಎರಡನೇ ಯೋಚನೆ ಮಾಡಬಾರದು.

ಅಂಕಿಗಿಂತ ಮುಖ್ಯ, ಅದನ್ನು ಯಾವಾಗ ಬರೆದಿರಿ ಎಂಬುದು. ಅಮೆರಿಕದ ಫುಟ್‌ಬಾಲ್ ಆಟಗಾರ ರೇ ರೈಸ್‌ನ ಪ್ರಕರಣ ಇದಕ್ಕೆ ಪಾಠ. 6 ಪಂದ್ಯದ ನಿಯಮ ಬರುವ ಮುಂಚೆ, 2014ರ ಜುಲೈನಲ್ಲಿ, ಎನ್‌ಎಫ್‌ಎಲ್ ಆತನಿಗೆ 2 ಪಂದ್ಯದ ಶಿಕ್ಷೆ ಕೊಟ್ಟಿತು. ಸೆಪ್ಟೆಂಬರ್‌ನಲ್ಲಿ, ಆತ ಲಿಫ್ಟ್‌ನೊಳಗೆ ಭಾವಿ ಪತ್ನಿಗೆ ಗುದ್ದಿದ ವಿಡಿಯೊ ಹೊರಬಂತು, ಜನ ರೊಚ್ಚಿಗೆದ್ದರು, ಲೀಗ್ ಅನಿರ್ದಿಷ್ಟ ನಿಷೇಧ ಹೇರಿತು. ನವೆಂಬರ್‌ನಲ್ಲಿ ಮಧ್ಯಸ್ಥಗಾರರಾದ ಮಾಜಿ ನ್ಯಾಯಾಧೀಶೆ ಬಾರ್ಬರಾ ಜೋನ್ಸ್ ಅದನ್ನು ರದ್ದುಮಾಡಿದರು. ಆತ ಲೀಗ್‌ಗೆ ಸುಳ್ಳು ಹೇಳಿರಲಿಲ್ಲ, ಒಂದೇ ತಪ್ಪಿಗೆ ಎರಡು ಸಲ ಶಿಕ್ಷಿಸಲಾಗದು ಎಂಬುದು ತೀರ್ಪಿನ ತಿರುಳು. ಸಾಕ್ಷ್ಯವನ್ನೆಲ್ಲ ಕಲೆಹಾಕುವ ಮುಂಚೆ ಶಿಕ್ಷೆ ಘೋಷಿಸಿದರೆ ಆಗುವುದೇ ಹೀಗೆ.

ಬರೆಯುವಾಗ ತಪ್ಪಿಹೋಗುವ ಎರಡು ಸಂಗತಿ. ಗಾಯಗೊಂಡು ಹೇಗೂ ಆಡಲಾಗದ ಪಂದ್ಯಗಳನ್ನು ನಿಷೇಧದ ಲೆಕ್ಕಕ್ಕೆ ಹಿಡಿಯಬಾರದು. ಉಳಿದ ಪಂದ್ಯಗಳು ಆಟಗಾರನ ಬೆನ್ನಿಗೇ ಮುಂದಿನ ಋತುವಿಗೂ ಮುಂದಿನ ತಂಡಕ್ಕೂ ಹೋಗಬೇಕು. ಇಲ್ಲವಾದರೆ ಒಂದು ಫ್ರಾಂಚೈಸಿ ಕೈಬಿಟ್ಟವನನ್ನು ಇನ್ನೊಂದು ಕಡಿಮೆ ಬೆಲೆಗೆ ಎತ್ತಿಕೊಳ್ಳುತ್ತದೆ. ನಿಷೇಧದ ಅವಧಿಯಲ್ಲಿ ಮಹಾರಾಜ ಟ್ರೋಫಿಯಂಥ ರಾಜ್ಯ ಲೀಗ್‌ನಲ್ಲಿ ಆಡಲು ಬಿಟ್ಟರೂ ಅದೇ ಕತೆ.

ದಂಡ ಹಾಕಿದರೆ, ಸಂಬಳ ನಿಲ್ಲಿಸಿದರೆ ಪೆಟ್ಟು ಬೀಳುವುದು ಹೆಂಡತಿ ಮಕ್ಕಳಿಗೇ ಅಲ್ಲವೇ?
(ಗಿರಿನಗರದ ಓದುಗರು)

ಈ ಕಂತೆಯಲ್ಲಿ ಅತಿ ಒಳ್ಳೆಯ ಪ್ರಶ್ನೆ ಇದು, ನಿಯಮ ಬರೆಯುವವರು ಮರೆಯುವುದೂ ಇದನ್ನೇ. ಐಪಿಎಲ್‌ನಲ್ಲಿ 2025ರಿಂದ ಹರಾಜಿನ ಮೊತ್ತದ ಜೊತೆಗೆ ಪಂದ್ಯಕ್ಕೆ 7.5 ಲಕ್ಷ ರೂಪಾಯಿ ಶುಲ್ಕವಿದೆ. 5 ಪಂದ್ಯಕ್ಕೆ 37.5 ಲಕ್ಷ. ಅದನ್ನು ಲೀಗ್ ನುಂಗಿದರೆ ‘ನಿನ್ನಿಂದ ಹೋಯಿತು’ ಎಂಬ ಮಾತು ಮನೆಯಲ್ಲಿ ಯಾರ ಮೇಲೆ ಬೀಳುತ್ತದೆಂದು ಹೇಳಬೇಕಾಗಿಲ್ಲ.

ದಾರಿ ಇದೆ. ತಡೆಹಿಡಿದ ಹಣವನ್ನು ಪ್ರತ್ಯೇಕ ಖಾತೆಗೆ ಹಾಕಬೇಕು. ಅದರಿಂದ ಮೊದಲು ಹೋಗಬೇಕಾದ್ದು ಹೆಂಡತಿಯ ಬಾಡಿಗೆ, ಮಕ್ಕಳ ಶಾಲೆಯ ಫೀಸು, ಆಸ್ಪತ್ರೆ, ವಕೀಲರ ಖರ್ಚು. ಆಟಗಾರ ನಿರ್ದೋಷಿ ಎಂದಾದರೆ ಉಳಿದದ್ದು ಬಡ್ಡಿಸಹಿತ ವಾಪಸ್. 2005ರ ಕಾಯ್ದೆಯ 20ನೇ ಕಲಂನಲ್ಲಿ ಇನ್ನೂ ಬಲವಾದ ಅಸ್ತ್ರವಿದೆ. ಕೋರ್ಟು ಹೇಳಿದ ಹಣವನ್ನು ಗಂಡ ಕಟ್ಟದಿದ್ದರೆ, ಅವನಿಗೆ ಸಂಬಳ ಕೊಡುವವರು ಅಥವಾ ಹಣ ಬಾಕಿ ಇರುವವರೇ ನೇರವಾಗಿ ಹೆಂಡತಿಗೆ ಕೊಡಬೇಕೆಂದು ಮ್ಯಾಜಿಸ್ಟ್ರೇಟರು ಆದೇಶಿಸಬಹುದು. ಫ್ರಾಂಚೈಸಿ ‘ನಾವು ಉದ್ಯೋಗದಾತರಲ್ಲ’ ಎಂದು ಜಾರಿಕೊಂಡರೂ ‘ಬಾಕಿದಾರ’ ಎಂಬ ಪದದಲ್ಲಿ ಸಿಗುತ್ತದೆ. ಅರ್ಜಿಯಲ್ಲಿ ಫ್ರಾಂಚೈಸಿಯ ನೋಂದಾಯಿತ ಕಂಪನಿ ಹೆಸರು, ವಿಳಾಸ ಬರೆಯಿರಿ. ತಂಡದ ಹೆಸರಿಗೆ ನೋಟಿಸು ಕಳಿಸಿದರೆ ಅದು ಸುತ್ತಿ ಸುತ್ತಿ ವಾಪಸ್ ಬರುತ್ತದೆ.

ಒಂದೇ ಸಲಕ್ಕೆ ಆಜೀವ ನಿಷೇಧ ಹಾಕಿದರೆ ಎಲ್ಲರಿಗೂ ಬುದ್ಧಿ ಬರುತ್ತದಲ್ಲ?
(ರಾಜಾಜಿನಗರದ ಓದುಗರು)

ಬಾಯಿ ಮುಚ್ಚುವುದು ಹೆಂಗಸರದೇ. ಒಂದು ದೂರಿಗೆ ಇಡೀ ಸಂಸಾರದ ಅನ್ನ ಹೋಗುತ್ತದೆ ಎಂದಾದರೆ ಅತ್ತೆ, ಮಾವ, ಸ್ವಂತ ತವರಿನವರೇ ದೂರು ಬೇಡ ಅನ್ನುತ್ತಾರೆ. ಆಜೀವ ನಿಷೇಧ ಎರಡನೇ ಸಲಕ್ಕಿರಲಿ.

ನಾನು ಕೆಎಸ್‌ಸಿಎ ಲೀಗ್‌ನಲ್ಲಿ ಆಡುವ ಕ್ಲಬ್ಬೊಂದರ ಕಾರ್ಯದರ್ಶಿ. ಆಟಗಾರನ ಹೆಂಡತಿ ರಾತ್ರಿ ಫೋನ್ ಮಾಡಿ ‘ಹೊಡೆದರು’ ಎಂದರೆ ನಾವು ಏನು ಮಾಡಬೇಕು?
(ಬನಶಂಕರಿಯಿಂದ)

ಮೊದಲನೆಯದಾಗಿ, ಆಟಗಾರನಿಗೆ ಫೋನ್ ಮಾಡಬೇಡಿ. ‘ಏನಪ್ಪಾ ಇದು’ ಎಂದು ಕೇಳುವ ನಿಮ್ಮ ಒಂದು ಕರೆಯಿಂದ ಆಕೆಗೆ ಇನ್ನೆರಡು ಏಟು ಬೀಳಬಹುದು. ಅವನು ಈಗ ಅಲ್ಲೇ ಇದ್ದಾನೆಯೇ, ಮಕ್ಕಳು ಎಲ್ಲಿದ್ದಾರೆ ಎಂದಷ್ಟೇ ಕೇಳಿ. ಅಪಾಯವಿದ್ದರೆ 112. ಮಾತಾಡಿ ದಾರಿ ತಿಳಿಯಬೇಕೆಂದರೆ ಮಹಿಳಾ ಸಹಾಯವಾಣಿ 181.

ಕತ್ತು ಹಿಸುಕಿದನೇ ಎಂದು ನೇರವಾಗಿ ಕೇಳಿ. ತಾನಾಗಿ ಹೇಳುವವರು ಕಡಿಮೆ. ಕುತ್ತಿಗೆಯ ಮೇಲೆ ಗುರುತೇ ಇಲ್ಲದಿರಬಹುದು. ದನಿ ಒಡೆದಿದ್ದರೆ, ಎಂಜಲು ನುಂಗಲು ಕಷ್ಟವಾದರೆ, ಕಣ್ಣಲ್ಲಿ ಕೆಂಪು ಚುಕ್ಕೆ ಕಂಡರೆ, ಸ್ವಲ್ಪ ಹೊತ್ತು ಎಚ್ಚರ ತಪ್ಪಿದ್ದರೆ ಆ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು. ಒಳಗಿನ ಬಾವು ಗಂಟೆಗಳ ನಂತರ ಉಸಿರು ಕಟ್ಟಿಸಬಹುದು. ಆಸ್ಪತ್ರೆಯಲ್ಲಿ ಎಂಎಲ್‌ಸಿ (ಪೆಟ್ಟಿನ ಬಗ್ಗೆ ಆಸ್ಪತ್ರೆ ಬರೆದಿಡುವ ಕಾನೂನು ದಾಖಲೆ) ಮಾಡಿಸಿ, ‘ಗಂಡ ಹೊಡೆದ’ ಎಂದೇ ಬರೆಸಲಿ. ನಾಚಿಕೆಗೆ ‘ಬಾತ್‌ರೂಮಿನಲ್ಲಿ ಜಾರಿದೆ’ ಎಂದು ಬರೆಸಿದ ಚೀಟಿಯನ್ನೇ ಆರು ತಿಂಗಳ ಮೇಲೆ ಎದುರು ವಕೀಲರು ಕೋರ್ಟಿನಲ್ಲಿ ಓದುತ್ತಾರೆ.

ಮರುದಿನ ಸಂರಕ್ಷಣಾಧಿಕಾರಿಯ ಬಳಿ ಹೋಗಬಹುದು. ಕರ್ನಾಟಕದಲ್ಲಿ ಆ ಹೊಣೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳದ್ದು. ಅವರು ಕೌಟುಂಬಿಕ ಘಟನಾ ವರದಿ ಬರೆದು ಮ್ಯಾಜಿಸ್ಟ್ರೇಟರಿಗೆ ಕಳಿಸುತ್ತಾರೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ, 15100ಕ್ಕೆ ಕರೆ ಮಾಡಿದರಾಯಿತು.

ನೀವು ಮಾಡಬೇಕಾದ ಬರವಣಿಗೆ ಒಂದೇ ಪುಟ: ಕರೆ ಬಂದ ಹೊತ್ತು, ಆಕೆ ಆಡಿದ ಮಾತು ಆಕೆಯ ಪದಗಳಲ್ಲೇ, ನೀವು ಏನು ಮಾಡಿದಿರಿ. ನಿಮ್ಮ ಊಹೆ ಬೇಡ. ಕೋಚ್, ಕ್ಯಾಪ್ಟನ್, ಹಿರಿಯರೆಲ್ಲ ಸೇರಿ ‘ಪಂದ್ಯ ಮುಗಿಯಲಿ, ಆಮೇಲೆ ಕೂತು ಮಾತಾಡೋಣ’ ಎಂದು ರಾಜಿಗೆ ಇಳಿಯುವುದಂತೂ ಕೂಡದು. ಕ್ಲಬ್ಬಿನ ವಕೀಲರನ್ನು ಆಕೆಗೆ ಕೊಡಿಸುವುದೂ ಬೇಡ, ಅವರು ನಾಳೆ ಆಟಗಾರನ ಪರ ನಿಲ್ಲಬೇಕಾಗಬಹುದು.

ಊರು ಬಿಟ್ಟು ಆಡುವಾಗ ಇನ್ನೊಂದನ್ನು ಗಮನಿಸಿ. ಹೋಟೆಲ್ ಕೋಣೆ, ವಾಪಸ್ ಟಿಕೆಟ್ ಎರಡೂ ಸಾಮಾನ್ಯವಾಗಿ ಆಟಗಾರನ ಹೆಸರಿನಲ್ಲೇ ಬುಕ್ ಆಗಿರುತ್ತವೆ. ಅವನನ್ನು ತಂಡದಿಂದ ಕೈಬಿಟ್ಟ ಕ್ಷಣ ಕೋಣೆ ರದ್ದಾಗಿ, ಹೊಡೆಸಿಕೊಂಡವಳು ಮಗುವಿನೊಂದಿಗೆ ರಿಸೆಪ್ಷನ್ನಿನ ಸೋಫಾ ಮೇಲೆ ಕೂರುವಂತಾಗುತ್ತದೆ. ಹೆಸರು ತೆಗೆಯುವ ಮೊದಲು ಬೇರೆ ಮಹಡಿಯಲ್ಲಿ ಆಕೆಯ ಹೆಸರಿಗೊಂದು ಕೋಣೆ, ಆಕೆಯ ಫೋನಿಗೇ ಬರುವಂತೆ ಟಿಕೆಟ್ ಮಾಡಿಸಿ.