ದಾಳಿ ಆಯಿತು, ಆಮೇಲೆ?

ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: ‘ಬಾಲಕಾರ್ಮಿಕರ ಬಗ್ಗೆ ಕಾನೂನು ಬಂದು ಎಷ್ಟು ವರ್ಷವಾಯಿತು! ಹೋಟೆಲಿನಲ್ಲಿ ಟೇಬಲ್ ಒರೆಸುವ ಹುಡುಗ ಹಾಗೇ ಇದ್ದಾನೆ. ನಾಲ್ಕು ಮಾಲೀಕರನ್ನು ಜೈಲಿಗೆ ಹಾಕಿದರೆ ಎಲ್ಲ ನಿಲ್ಲುತ್ತದೆ. ಸರ್ಕಾರ ಯಾಕೆ ಸುಮ್ನೆ ಕೂತಿದೆ? ಅಂಥ ಹುಡುಗನನ್ನು ಕಂಡರೆ ನನ್ನಂಥವರು ಏನು ಮಾಡಬೇಕು?’

ಮೇಷ್ಟ್ರೇ, ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಕಾನೂನು ಕುಂಟುತ್ತಾ ಬಂದಿದೆ. 1986ರ ಕಾಯ್ದೆ ಕೆಲವು ಕೆಲಸಗಳನ್ನಷ್ಟೇ ನಿಷೇಧಿಸಿತ್ತು. ಹೋಟೆಲು, ಮನೆಗೆಲಸ ಆ ಪಟ್ಟಿಗೆ ಸೇರಿದ್ದು 2006ರಲ್ಲಿ. 14 ವರ್ಷದೊಳಗಿನವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳಬಾರದು ಎಂದಾಗಿದ್ದು 2016ರಲ್ಲಿ. ಈಗ 6 ತಿಂಗಳಿಂದ 2 ವರ್ಷ ಜೈಲು, ಇಲ್ಲವೇ 20 ಸಾವಿರದಿಂದ 50 ಸಾವಿರ ರೂಪಾಯಿ ದಂಡ, ಅಥವಾ ಎರಡೂ.

ಅದೇ ತಿದ್ದುಪಡಿ ಹಿಂಬಾಗಿಲನ್ನು ಮಾತ್ರ ಮುಚ್ಚಲಿಲ್ಲ. ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ, ಅಪಾಯವಿಲ್ಲದ ಮನೆ ಕಸುಬಿನಲ್ಲಿ ಮಗು ಕೈಜೋಡಿಸಬಹುದು ಅನ್ನುತ್ತದೆ. ಕೇಳೋಕೆ ಚೆನ್ನಾಗಿದೆ. ಅಮ್ಮನ ಜೊತೆ ದನಕ್ಕೆ ಹುಲ್ಲು ಹಾಕಿದರೆ ಯಾರೂ ತಪ್ಪು ಅನ್ನುವುದಿಲ್ಲ, ಅಲ್ವಾ? ಆದರೆ ಗುತ್ತಿಗೆದಾರ ಮನೆಬಾಗಿಲಿಗೆ ತಂದು ಸುರಿದ ಬಟ್ಟೆಗೆ ರಾತ್ರಿಯೆಲ್ಲ ಗುಂಡಿ ಹಾಕುವ ಮಗು? ಕಾರ್ಖಾನೆಯ ಬಾಗಿಲು ತಟ್ಟುವ ಕಾರ್ಮಿಕ ಇಲಾಖೆ ಇನ್‌ಸ್ಪೆಕ್ಟರು ರಾತ್ರಿ ಹತ್ತಕ್ಕೆ ಮನೆಯ ಬಾಗಿಲು ತಟ್ಟುವುದಿಲ್ಲ.

ಇನ್ನು ಜೈಲಿನ ಮಾತು. ಮಾಲೀಕರನ್ನು ಬರೀ ಹೆದರಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ. 1990ರ ದಶಕದ ಆರಂಭದಲ್ಲಿ, ಮಕ್ಕಳ ದುಡಿಮೆಯಿಂದ ತಯಾರಾದ ಸರಕಿನ ಆಮದು ಬೇಡ ಎಂಬ ಮಸೂದೆ ಅಮೆರಿಕದಲ್ಲಿ ಬಂತು. ಅದು ಪಾಸ್ ಕೂಡ ಆಗಲಿಲ್ಲ. ಅಷ್ಟಕ್ಕೇ ಹೆದರಿದ ಬಾಂಗ್ಲಾದೇಶದ ಗಾರ್ಮೆಂಟ್ಸ್ ಮಾಲೀಕರು ಸಾವಿರಾರು ಮಕ್ಕಳನ್ನು ಹೊರಗೆ ಹಾಕಿದರು. ಶಾಲೆಗೆ ಹೋದವರು ಕಡಿಮೆ. ಕಲ್ಲು ಒಡೆಯೋಕೆ, ಬೀದಿಯಲ್ಲಿ ಮಾರೋಕೆ ಹೋದವರೇ ಜಾಸ್ತಿ. ಕೊನೆಗೆ 1995ರಲ್ಲಿ ಮಾಲೀಕರ ಸಂಘ, ಯುನಿಸೆಫ್, ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಕೂತು ಒಪ್ಪಂದ ಮಾಡಿಕೊಂಡವು: ಮಗುವಿಗೆ ಶಾಲೆ ಸಿಗುವ ತನಕ ಕೆಲಸದಿಂದ ತೆಗೆಯಬಾರದು, ಓದುವಾಗ ತಿಂಗಳಿಗಿಷ್ಟು ಹಣ ಕೊಡಬೇಕು.

ನಮ್ಮ ಸುಪ್ರೀಂ ಕೋರ್ಟಿಗೂ ಇದು ಹೊಳೆದಿತ್ತು. ಶಿವಕಾಶಿಯ ಬೆಂಕಿಪೊಟ್ಟಣ, ಪಟಾಕಿ ಮಕ್ಕಳ ಪ್ರಕರಣದಲ್ಲಿ, 1996ರಲ್ಲಿ, ಮಾಲೀಕ ಮಗುವೊಂದಕ್ಕೆ 20 ಸಾವಿರ ಕಟ್ಟಲಿ ಎಂದಿತು. ಆ ಮನೆಯ ದೊಡ್ಡವರೊಬ್ಬರಿಗೆ ಸರ್ಕಾರ ಕೆಲಸ ಕೊಡಿಸಲಿ, ಆಗದಿದ್ದರೆ 5 ಸಾವಿರ ಸೇರಿಸಲಿ ಎಂದಿತು. ನನಗೆ ಬಹಳ ಇಷ್ಟವಾದ ತೀರ್ಪು ಇದು, ಯಾಕೆಂದರೆ ಮಗು ತರುತ್ತಿದ್ದ ಸಂಬಳ ನಿಂತ ಮನೆಯ ಒಲೆಯ ಬಗ್ಗೆಯೂ ಅದು ಯೋಚಿಸಿತು. 2016ರ ಕಾನೂನಿನಲ್ಲಿ ಸರ್ಕಾರದ ಪಾಲು 15 ಸಾವಿರಕ್ಕೆ ಏರಿದೆ. ಆ ಹಣ ಬ್ಯಾಂಕಿನಲ್ಲಿರುತ್ತದೆ, ಸದ್ಯಕ್ಕೆ ಸಿಗುವುದು ಬಡ್ಡಿ. ಶೇ 6ರ ಬಡ್ಡಿ ಅಂತಿಟ್ಟುಕೊಳ್ಳಿ, ಸರ್ಕಾರದ ಪಾಲಿನಿಂದ ವರ್ಷಕ್ಕೆ 900 ರೂಪಾಯಿ. ಅದನ್ನು ನಂಬಿ ಯಾವ ಅಪ್ಪ ಮಗನನ್ನು ಶಾಲೆಗೆ ಕಳಿಸುತ್ತಾನೆ? ಅಧಿಕಾರಿಗಳ ದಾಳಿಯ ಫೋಟೊ ಪೇಪರಿನಲ್ಲಿ ಬರುತ್ತದೆ. ಮುಂದಿನ ತಿಂಗಳು ಆ ಹುಡುಗ ಎಲ್ಲಿದ್ದಾನೆ ಅನ್ನುವುದು ಬರುವುದಿಲ್ಲ.

ಸರ್ಕಾರ ಪೂರ್ತಿ ಸೋತಿದೆ ಅಂತಲ್ಲ. 2001ರ ಜನಗಣತಿಯಲ್ಲಿ 1.26 ಕೋಟಿ ಇದ್ದ ದುಡಿಯುವ ಮಕ್ಕಳು 2011ರಲ್ಲಿ 1.01 ಕೋಟಿಗೆ ಇಳಿದರು. ಇದರಲ್ಲಿ ಬಿಸಿಯೂಟದ ಪಾಲು ದಾಳಿಗಳಿಗಿಂತ ಜಾಸ್ತಿ ಅಂತ ನನ್ನ ನಂಬಿಕೆ.

ಇನ್ನು ನಿಮ್ಮ ಹುಡುಗ. ಅವನಿಗೆ 14 ತುಂಬಿಲ್ಲದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. 15 ಆಗಿದ್ದರೆ ಹೋಟೆಲ್ ಕೆಲಸಕ್ಕೆ ಕಾನೂನಿನ ಅಡ್ಡಿಯಿಲ್ಲ, ಉಚಿತ ಶಿಕ್ಷಣದ ಹಕ್ಕೂ 14ಕ್ಕೇ ಮುಗಿದಿರುತ್ತದೆ. ಆದರೂ ಸಂಜೆ 7ರ ಮೇಲೆ ಅವನಿಂದ ಕೆಲಸ ಮಾಡಿಸುವಂತಿಲ್ಲ. ಮುಂದಿನ ಸಲ ಕಾಫಿಗೆ ಹೋದಾಗ ಗಡಿಯಾರ ನೋಡಿ ಮೇಷ್ಟ್ರೇ. ಎಂಟಾದರೂ ಅವನು ಟೇಬಲ್ ಒರೆಸುತ್ತಿದ್ದರೆ, ಆಗಲೂ ಅದೇ ನಂಬರು.